ಶ್ರದ್ಧೆಯ ಸಭೆಯಲ್ಲಿ ಪ್ರಶ್ನೆಗೆ ಆಸನ

ಪರಂಪರೆಯನ್ನು ಕಾಪಾಡಬೇಕೆಂಬ ಸಂಕಲ್ಪದಿಂದ ಒಂದೆಡೆ ಸೇರುವ ಯುವಕರು, ಅದೇ ಪರಂಪರೆಯನ್ನು ಪ್ರಶ್ನಿಸುವವನಿಗೆ ತಮ್ಮ ನಡುವೆ ಜಾಗ ಕೊಡಬೇಕೇ, ಕೊಟ್ಟರೆ ಅವರ ಶ್ರದ್ಧೆ ಸಡಿಲವಾಗುವುದೇ, ಕೊಡದಿದ್ದರೆ ಅದು ಶ್ರದ್ಧೆಯಾಗಿ ಉಳಿಯುವುದೇ ಎಂಬುದು ಮೇಲ್ನೋಟಕ್ಕೆ ಸಂಘಟನೆಯ ಶಿಸ್ತಿಗೆ ಸಂಬಂಧಿಸಿದ ಪ್ರಶ್ನೆಯಂತೆ ಕಂಡರೂ ಮೂಲತಃ ಧರ್ಮಜಿಜ್ಞಾಸೆಗೆ ಸೇರಿದ ಪ್ರಶ್ನೆ. ಬೀದರ್ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ಬೇರೆಡೆ ಇಲ್ಲದ ತೀಕ್ಷ್ಣತೆಯೊಂದು ಬಂದಿದೆ. ಏಕೆಂದರೆ ಇಲ್ಲಿ ಕಾಪಾಡಬೇಕಾದ ಪರಂಪರೆಗಳಲ್ಲಿ ಅತ್ಯಂತ ಪೂಜ್ಯವಾದದ್ದು, ಅಂದರೆ ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣ ಪರಂಪರೆ, ತನ್ನ ಕಾಲದ ಸಂಪ್ರದಾಯದೊಡನೆ ವಾದಕ್ಕಿಳಿದೇ ಹುಟ್ಟಿದ್ದು. ಭಾಲ್ಕಿ, ಔರಾದ, ಭಾತಂಬ್ರಾಗಳ ಕಡೆಯಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಯೊಬ್ಬ ತನ್ನನ್ನು ಸಂಪ್ರದಾಯನಿಷ್ಠನೆಂದು ಕರೆದುಕೊಂಡಾಗ ಅವನು ಯಾವುದಕ್ಕೆ ನಿಷ್ಠನಾಗಿದ್ದಾನೆ ಎಂದು ಕೇಳುವುದು ಅವನನ್ನು ಕೆಣಕುವ ಮಾತಲ್ಲ, ಅವನ ನಿಷ್ಠೆಯನ್ನು ಗಂಭೀರವಾಗಿ ಪರಿಗಣಿಸುವ ಮಾತು.

ಸಂಪ್ರದಾಯನಿಷ್ಠ ವಿದ್ಯಾರ್ಥಿ ಸಂಘಟನೆ ಎಂದರೆ, ಸಮಾಜವನ್ನು ತಲೆಮಾರುಗಳ ನಡುವಿನ ಋಣಾನುಬಂಧವೆಂದು ಭಾವಿಸಿ, ಹಿಂದಿನವರಿಂದ ಬಂದ ನಂಬಿಕೆ, ಆಚಾರ, ದೇಶಭಕ್ತಿ, ಕುಟುಂಬಮೌಲ್ಯಗಳನ್ನು ಮುಂದಿನವರಿಗೆ ಒಪ್ಪಿಸುವುದನ್ನು ತನ್ನ ಕರ್ತವ್ಯವೆಂದು ತಿಳಿಯುವ ಸಂಘಟನೆ. ಭಾರತದಲ್ಲಿ ಈ ವರ್ಗದ ಅತಿ ದೊಡ್ಡ ಉದಾಹರಣೆ ಅಖಿಲ ಭಾರತೀಯ ವಿದ್ಯಾರ್ಥಿ ಪರಿಷತ್ತು. 1948ರಲ್ಲಿ ಕೆಲಸ ಆರಂಭಿಸಿ 1949ರ ಜುಲೈ 9ರಂದು ನೋಂದಣಿಯಾದ ಈ ಸಂಸ್ಥೆ ರಾಷ್ಟ್ರೀಯ ಸ್ವಯಂಸೇವಕ ಸಂಘದ ವಿಚಾರಪರಿವಾರಕ್ಕೆ ಸೇರಿದ್ದು. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಮುಂಬಯಿಯ ಯಶವಂತರಾವ್ ಕೇಳ್ಕರ್ ಅದರ ಕಾರ್ಯಪದ್ಧತಿಯನ್ನು ರೂಪಿಸಿದವರೆಂದು ಪರಿಷತ್ತಿನವರು ಇಂದಿಗೂ ಗೌರವದಿಂದ ಸ್ಮರಿಸುತ್ತಾರೆ. ಜ್ಞಾನ, ಶೀಲ, ಏಕತೆ ಎಂಬುದು ಅದರ ಧ್ಯೇಯವಾಕ್ಯ. ವಿದ್ಯಾರ್ಥಿ ನಾಳಿನ ಪ್ರಜೆಯಲ್ಲ, ಇಂದಿನ ಪ್ರಜೆ ಎಂಬುದು ಅದರ ಮೂಲ ನಂಬಿಕೆ. ವಿದ್ಯಾರ್ಥಿಗಳೂ ಅಧ್ಯಾಪಕರೂ ಸೇರಿದ್ದೇ ‘ಶೈಕ್ಷಣಿಕ ಪರಿವಾರ’ ಎಂಬುದು ಇನ್ನೊಂದು. ಈ ಎರಡನೆಯ ನಂಬಿಕೆಯ ಕಾರಣದಿಂದ ಅಧ್ಯಕ್ಷರು ಸಾಮಾನ್ಯವಾಗಿ ಅಧ್ಯಾಪಕರಾಗಿರುತ್ತಾರೆ, ಕಾರ್ಯದರ್ಶಿ ವಿದ್ಯಾರ್ಥಿಯಾಗಿರುತ್ತಾನೆ, ಓದು ಮುಗಿಸಿ ಕೆಲವು ವರ್ಷಗಳನ್ನು ಸಂಘಟನೆಗೇ ಮೀಸಲಿಟ್ಟ ಪೂರ್ಣಾವಧಿ ಕಾರ್ಯಕರ್ತರು ಊರಿಂದೂರಿಗೆ ಸಂಚರಿಸುತ್ತಾರೆ. ಬೀದರ್ ಜಿಲ್ಲೆ ಪರಿಷತ್ತಿನ ವಿಭಜನೆಯಲ್ಲಿ ಕರ್ನಾಟಕ ಉತ್ತರ ಪ್ರಾಂತಕ್ಕೆ ಸೇರುತ್ತದೆ.

ಇಂಥ ಸಂಘಟನೆಯ ವರ್ಷವು ಹಬ್ಬಗಳ ಪಂಚಾಂಗದಂತೆ ಸಾಗುತ್ತದೆ. ಜನವರಿ 12 ವಿವೇಕಾನಂದ ಜಯಂತಿ, ಜುಲೈ 9 ಸ್ಥಾಪನಾ ದಿನ, ನವೆಂಬರ್ 19 ಝಾನ್ಸಿ ರಾಣಿ ಲಕ್ಷ್ಮೀಬಾಯಿಯ ಹೆಸರಿನ ಸ್ತ್ರೀಶಕ್ತಿ ದಿನ, ಡಿಸೆಂಬರ್ 6 ಅಂಬೇಡ್ಕರ್ ಪರಿನಿರ್ವಾಣದ ದಿನವಾಗಿದ್ದು ಅದನ್ನು ಸಾಮಾಜಿಕ ಸಮರಸತೆಯ ದಿನವೆಂದು ಆಚರಿಸುವ ಪದ್ಧತಿಯಿದೆ. ಇವುಗಳ ನಡುವೆ ಬೈಠಕ್ ಎಂದು ಕರೆಯುವ ಚಿಕ್ಕ ಸಭೆಗಳು, ಕಾರ್ಯಕರ್ತರನ್ನು ತಯಾರು ಮಾಡುವ ಅಭ್ಯಾಸವರ್ಗಗಳು, ವರ್ಷಕ್ಕೊಮ್ಮೆಯ ಪ್ರಾಂತ ಸಮ್ಮೇಳನ, ತ್ರಿವರ್ಣ ಧ್ವಜದ ಯಾತ್ರೆಗಳು. ಸರಸ್ವತಿ ಮತ್ತು ವಿವೇಕಾನಂದರ ಭಾವಚಿತ್ರಗಳಿಗೆ ಪುಷ್ಪಾರ್ಚನೆ, ವಂದೇ ಮಾತರಂ, ಪ್ರಾಸ್ತಾವಿಕ ನುಡಿ, ಮುಖ್ಯ ಭಾಷಣ, ಭಾರತಮಾತೆಯ ಜಯಘೋಷ ಎಂಬ ಕ್ರಮ ರಾಜ್ಯದ ಯಾವ ಊರಿನಲ್ಲಾದರೂ ಹೆಚ್ಚು ಬದಲಾಗದು. ಇದರ ಜೊತೆಗೆ ಬಸ್ಸು, ವಸತಿನಿಲಯ, ವಿದ್ಯಾರ್ಥಿವೇತನ, ತಡವಾದ ಫಲಿತಾಂಶ ಇವುಗಳ ಬಗೆಗಿನ ಮನವಿ ಮತ್ತು ಧರಣಿಗಳೂ ನಡೆಯುತ್ತವೆ. ಮರಾಠಿ, ತೆಲುಗು ಸೀಮೆಗಳಿಗೆ ಅಂಟಿಕೊಂಡ ಔರಾದಿನಂಥ ತಾಲ್ಲೂಕಿನಲ್ಲಿ, ಹೆಚ್ಚಿನ ಓದಿಗೆ ಸುಮಾರು 40 ಕಿಲೋಮೀಟರ್ ದೂರದ ಬೀದರಿಗೆ ಬಸ್ಸಿನಲ್ಲಿ ಹೋಗಿಬರಬೇಕಾದ ವಿದ್ಯಾರ್ಥಿಗೆ ಒಂದು ಬಸ್ಸಿನ ವೇಳೆಯೇ ಶಿಕ್ಷಣದ ಹಣೆಬರಹವನ್ನು ನಿರ್ಧರಿಸುವುದರಿಂದ, ಈ ಹೋರಾಟಗಳನ್ನು ಸಣ್ಣವೆಂದು ತಳ್ಳಿಹಾಕುವವರು ಹಳ್ಳಿಯ ವಿದ್ಯಾರ್ಥಿಯ ಬದುಕನ್ನು ಬಲ್ಲವರಲ್ಲ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಕಂಡ ಹುಡುಗನಿಗೆ ನಾಲ್ಕು ಜನರೆದುರು ನಿಂತು ಮಾತನಾಡುವ ಧೈರ್ಯ, ತಹಸೀಲ್ದಾರರ ಕಚೇರಿಗೆ ಹೋಗಿ ಮನವಿ ಕೊಡುವ ಅಭ್ಯಾಸ, ಬೇರೆ ಜಾತಿಯವನ ಪಕ್ಕದಲ್ಲಿ ಕುಳಿತು ಉಣ್ಣುವ ರೂಢಿ ಎಷ್ಟೋ ಸಲ ಇಂಥ ಸಂಘಟನೆಗಳಿಂದಲೇ ದೊರೆತಿವೆ. ಇದನ್ನು ಒಪ್ಪಿಕೊಂಡ ಮೇಲೆಯೇ ವಿಮರ್ಶೆಗೆ ಅಧಿಕಾರ ಬರುತ್ತದೆ.

ಈ ಸಭೆಗಳ ಹಿಂದಿರುವ ತತ್ತ್ವವನ್ನು ಸ್ಪಷ್ಟವಾಗಿ ಮಂಡಿಸಿದವರು ಜನಸಂಘದ ನಾಯಕ ದೀನದಯಾಳ್ ಉಪಾಧ್ಯಾಯ. 1965ರ ಏಪ್ರಿಲ್ 22ರಿಂದ 25ರವರೆಗೆ ಮುಂಬಯಿಯಲ್ಲಿ ನೀಡಿದ ನಾಲ್ಕು ಉಪನ್ಯಾಸಗಳಲ್ಲಿ ಅವರು ‘ಏಕಾತ್ಮ ಮಾನವ ದರ್ಶನ’ವನ್ನು ವಿವರಿಸುತ್ತ, ಸಮಾಜವೆಂಬುದು ವ್ಯಕ್ತಿಗಳು ಮಾಡಿಕೊಂಡ ಒಪ್ಪಂದವಲ್ಲ, ಅದು ಸ್ವಯಂಭೂ, ವ್ಯಕ್ತಿಗೆ ಆತ್ಮವಿರುವಂತೆ ರಾಷ್ಟ್ರಕ್ಕೂ ಹುಟ್ಟಿನಿಂದ ಬಂದ ಒಂದು ಅಂತಃಪ್ರಕೃತಿಯಿದೆ ಎಂದು ವಾದಿಸಿದರು. ಆ ಅಂತಃಪ್ರಕೃತಿಗೆ ಅವರು ಕೊಟ್ಟ ಹೆಸರು ‘ಚಿತಿ’. ಯಾವ ಆಚರಣೆ ಚಿತಿಗೆ ಅನುಗುಣವೋ ಅದು ಸಂಸ್ಕೃತಿ, ಯಾವುದು ವಿರುದ್ಧವೋ ಅದು ವಿಕೃತಿ. ಈ ವಾದಕ್ಕೆ ಒಂದು ಘನತೆಯಿದೆ: ಮನುಷ್ಯನನ್ನು ಕೇವಲ ಮತದಾರನೆಂದೋ ಕೊಳ್ಳುವವನೆಂದೋ ಕಾಣುವ ದೃಷ್ಟಿಗೆ ಅದು ಒಪ್ಪದು, ತನಗಿಂತ ದೊಡ್ಡದೊಂದಕ್ಕೆ ಋಣಿಯಾಗಿರುವುದರಲ್ಲಿ ಬದುಕಿನ ಸಾರ್ಥಕತೆಯಿದೆಯೆಂದು ಅದು ಯುವಕನಿಗೆ ಹೇಳುತ್ತದೆ. ಆದರೆ ಅಲ್ಲಿಯೇ ಒಂದು ಕಠಿಣ ತೊಡಕೂ ಇದೆ. ರಾಷ್ಟ್ರಕ್ಕೆ ಚಿತಿಯೊಂದಿದೆ ಎಂದು ಒಪ್ಪಿದರೂ ಅದು ಏನನ್ನು ಹೇಳುತ್ತಿದೆ ಎಂದು ಓದುವವರು ಯಾರು? ಭಾಷಣಕಾರನೇ, ಸಂಘಟನೆಯ ಹಿರಿಯರೇ, ಪಕ್ಷವೇ, ಅಥವಾ ಸಭೆಯ ಹಿಂದಿನ ಸಾಲಿನಲ್ಲಿ ಕುಳಿತ, ಇನ್ನೂ ಮನಸ್ಸು ಗಟ್ಟಿಯಾಗದ ಪ್ರಥಮ ವರ್ಷದ ವಿದ್ಯಾರ್ಥಿನಿಯೇ? ಅವಳಿಗೂ ಅದೇ ಚಿತಿಯಲ್ಲಿ ಪಾಲಿರುವುದು ನಿಜವಾದರೆ ಅವಳ ಸಂದೇಹವನ್ನು ಹೊರಗಿನಿಂದ ಬಂದ ಕಲ್ಮಷವೆಂದು ತಳ್ಳಲು ತತ್ತ್ವದಲ್ಲಿ ಆಧಾರವಿಲ್ಲ.

ಈ ತೊಡಕಿಗೆ ಉತ್ತರ ಹುಡುಕಲು ಬೀದರ್ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ. ಇಂದಿನ ಬಸವಕಲ್ಯಾಣವಾದ ಕಲ್ಯಾಣದಲ್ಲಿ, ಶರಣರ ಸಭೆಯೆಂದು ನೆನೆಯುವ ಅನುಭವ ಮಂಟಪವು ಹನ್ನೆರಡನೆಯ ಶತಮಾನದಲ್ಲಿ ಒಂದು ನಿರ್ದಿಷ್ಟ ಕಟ್ಟಡವಾಗಿತ್ತೇ ಎಂಬುದರ ಬಗ್ಗೆ ಸಂಶೋಧಕರಲ್ಲಿ ಒಮ್ಮತವಿಲ್ಲ; ಆ ಮಹಾಸಭೆಯ ವಿಸ್ತಾರವಾದ ಚಿತ್ರಣ ದೊರೆಯುವುದು ಸುಮಾರು ಮೂರು ಶತಮಾನ ಕಳೆದ ಮೇಲೆ, ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಮೊದಲು ಸಂಕಲಿಸಿದ, ಅನಂತರ ಇತರರು ಪರಿಷ್ಕರಿಸಿದ ‘ಶೂನ್ಯಸಂಪಾದನೆ’ಯಲ್ಲಿ. ಆದರೆ ಶರಣರ ನೆನಪು ತನ್ನ ಆದರ್ಶ ಸಭೆಯನ್ನು ಹೇಗೆ ಕಲ್ಪಿಸಿಕೊಂಡಿತು ಎಂಬುದು ಇಲ್ಲಿ ಕಟ್ಟಡದ ಇಟ್ಟಿಗೆಗಿಂತ ಮುಖ್ಯವಾದದ್ದು. ಆ ಸಭೆಯಲ್ಲಿ ಪೀಠದ ಮೇಲಿದ್ದ ಅಲ್ಲಮಪ್ರಭು ಬಂದವರಿಗೆ ಉಪದೇಶ ಮಾಡುವುದಕ್ಕಿಂತ ಹೆಚ್ಚಾಗಿ ಪರೀಕ್ಷೆ ಮಾಡುತ್ತಾನೆ. ಉಡುತಡಿಯಿಂದ ಬಂದ ಮಹಾದೇವಿಯ ಗಂಡನಾರೆಂದು ಕೇಳುತ್ತಾನೆ, ಉಡುಗೆಯನ್ನೇ ತೊರೆದವಳು ಕೂದಲಿನಿಂದ ಮೈಮುಚ್ಚಿಕೊಂಡದ್ದೇಕೆ ಎಂದು ಕೇಳುತ್ತಾನೆ. ಅವಳು ತಲೆಬಾಗಿ ಸುಮ್ಮನಾಗುವುದಿಲ್ಲ, ಉತ್ತರ ಕೊಟ್ಟು ಗೆಲ್ಲುತ್ತಾಳೆ, ಗೆದ್ದ ಮೇಲೆಯೇ ಸಭೆ ಅವಳನ್ನು ಅಕ್ಕನೆಂದು ಒಪ್ಪುತ್ತದೆ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿ ಗುಡಿ ಕಟ್ಟಿಸಿ ಕೀರ್ತಿವಂತನಾಗಿದ್ದ ಸಿದ್ಧರಾಮನಿಗೂ ವಿನಾಯಿತಿ ಇಲ್ಲ. ಮಂಟಪದ ಯಜಮಾನನೇ ಆದ ಬಸವಣ್ಣ ಇಷ್ಟಲಿಂಗ ಪೂಜೆಯಲ್ಲಿ ಮುಳುಗಿ ಬಾಗಿಲಿಗೆ ಬಂದ ಜಂಗಮನನ್ನು ಎದುರುಗೊಳ್ಳದಿದ್ದಾಗ ಅವನ ಭಕ್ತಿಯೇ ಪ್ರಶ್ನೆಗೊಳಗಾಗುತ್ತದೆ. ಅಕ್ಕಿ ಆಯ್ದು ಜೀವಿಸುತ್ತಿದ್ದ ಲಕ್ಕಮ್ಮ, ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ಗಂಡ ಮಾರಯ್ಯನನ್ನು ತಡೆದು ಹೆಚ್ಚಿನದನ್ನು ಹಿಂದಕ್ಕೆ ಸುರಿಯಲು ಕಳಿಸುವ ಪ್ರಸಂಗ, ಸಂದೇಹವೆತ್ತುವ ಅಧಿಕಾರ ಎಷ್ಟು ಕೆಳಗಿನವರೆಗೆ ಇಳಿದಿತ್ತು ಎಂಬುದನ್ನು ತೋರಿಸುತ್ತದೆ. ಶರಣರು ಸತ್ಯಕ್ಕೆ ಒರೆಗಲ್ಲಾಗಿ ಇಟ್ಟುಕೊಂಡದ್ದು ಅನುಭಾವವನ್ನು, ಅಂದರೆ ಪ್ರತಿಯೊಬ್ಬರೂ ಬದುಕಿ ಅರಿತು ಸಭೆಯ ಮುಂದೆ ಇಡಬಲ್ಲ ಅರಿವನ್ನು. ಸಮುದಾಯದ ಆತ್ಮವನ್ನು ಓದುವವರು ಯಾರು ಎಂಬ ಪ್ರಶ್ನೆಗೆ ಕಲ್ಯಾಣ ಕೊಟ್ಟ ಉತ್ತರ ಇದು: ಎಲ್ಲರೂ ಓದಬೇಕು, ಓದಿದ್ದನ್ನು ಎಲ್ಲರೆದುರು ಹೇಳಬೇಕು, ಹೇಳಿದ್ದಕ್ಕೆ ಬಂದ ಪ್ರಶ್ನೆಯನ್ನು ಸಹಿಸಬೇಕು.

ಹೀಗಿರುವಾಗ ಬೀದರಿನ ಸಂಪ್ರದಾಯನಿಷ್ಠನು ಅನುಭವ ಮಂಟಪಕ್ಕೆ ಕೈಮುಗಿದರೆ ಸಾಲದು. ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪಕ್ಕೆ 2021ರ ಜನವರಿ 6ರಂದು ಶಂಕುಸ್ಥಾಪನೆಯಾದಾಗ ಹಲವರು ಸಂತೋಷಪಟ್ಟರು, ಅದು ಸಹಜವೇ. ಆದರೆ ಕಲ್ಲಿನ ಮಂಟಪವನ್ನು ಸರ್ಕಾರ ಕಟ್ಟಬಲ್ಲದು, ಪ್ರಶ್ನೋತ್ತರದ ಪದ್ಧತಿಯನ್ನು ಸಭೆ ಸೇರುವವರೇ ಕಟ್ಟಬೇಕು.

ಇಲ್ಲಿಯ ರಾಷ್ಟ್ರಭಕ್ತಿಯ ನೆನಪೂ ಇದೇ ಕಡೆಗೆ ಬೆರಳು ತೋರಿಸುತ್ತದೆ. ಬೀದರ್ ಜಿಲ್ಲೆ ಹೈದರಾಬಾದ್ ಸಂಸ್ಥಾನದ ಭಾಗವಾಗಿದ್ದಾಗ, 1938ರ ಕೊನೆಯಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ವಸತಿನಿಲಯಗಳಲ್ಲಿ ವಂದೇ ಮಾತರಂ ಹಾಡುವುದನ್ನು ನಿಷೇಧಿಸಿದರು. ಒಪ್ಪದ ವಿದ್ಯಾರ್ಥಿಗಳು ಮುಷ್ಕರ ಹೂಡಿದರು, ನೂರಾರು ಮಂದಿ ಹೊರದೂಡಲ್ಪಟ್ಟರು, ಅವರಲ್ಲಿ ಅನೇಕರಿಗೆ ನಾಗಪುರ ವಿಶ್ವವಿದ್ಯಾಲಯ ಆಶ್ರಯ ಕೊಟ್ಟಿತು, ಮುಂದೆ ಪ್ರಧಾನಿಯಾದ ಪಿ.ವಿ. ನರಸಿಂಹರಾವ್ ಅವರಲ್ಲೊಬ್ಬರು. ಈ ಘಟನೆಯನ್ನು ಇಂದಿನ ವಿದ್ಯಾರ್ಥಿ ಸಭೆಗಳಲ್ಲಿ ಹೆಮ್ಮೆಯಿಂದ ಹೇಳುವುದು ನ್ಯಾಯವೇ. ಆದರೆ ಆ ಹಾಡು ಅಂದು ಪವಿತ್ರವಾದದ್ದು ಹಾಡುವವನ ಅಂತಃಕರಣ ಅದನ್ನು ಬಯಸಿತ್ತು, ಅಧಿಕಾರ ಅದನ್ನು ತಡೆದಿತ್ತು ಎಂಬ ಕಾರಣಕ್ಕೆ; ಅಧಿಕಾರವೇ ಹಾಡಿಸಲು ಹೊರಟು ಹಾಡದವನ ತುಟಿಯನ್ನು ಪಕ್ಕದವನು ಗಮನಿಸುವ ಸ್ಥಿತಿ ಬಂದರೆ 1938ರ ವಿದ್ಯಾರ್ಥಿಯ ನಿಜವಾದ ವಾರಸುದಾರ ಯಾರೆಂಬುದನ್ನು ಮತ್ತೊಮ್ಮೆ ಯೋಚಿಸಬೇಕಾಗುತ್ತದೆ. ನಿಜಾಮನ ಪರವಾದ ಸಶಸ್ತ್ರ ಪಡೆಯಾದ ರಜಾಕಾರರ ಕಾಲದಲ್ಲಿ, 1948ರ ಮೇ ತಿಂಗಳಲ್ಲಿ, ಗೋರ್ಟಾ ಗ್ರಾಮದಲ್ಲಿ ನಡೆದ ಹತ್ಯಾಕಾಂಡದ ನೋವು ಈ ಭಾಗದ ಮನೆಗಳಲ್ಲಿ ಇನ್ನೂ ಆರಿಲ್ಲ; 2023ರ ಮಾರ್ಚ್ 26ರಂದು ಅಲ್ಲಿ ಹುತಾತ್ಮರ ಸ್ಮಾರಕ ಅನಾವರಣಗೊಂಡಿತು. ಸತ್ತವರನ್ನು ನೆನೆಯುವುದು ಬದುಕಿರುವವರ ಧರ್ಮ. ಆ ನೆನಪನ್ನು ಅಂದು ಹುಟ್ಟೇ ಇರದ ಇಂದಿನ ಸಹಪಾಠಿಯ ಮೇಲಿನ ಗುಮಾನಿಯಾಗಿ ತಿರುಗಿಸುವುದು ಮಾತ್ರ ಸತ್ತವರಿಗೂ ಸಲ್ಲದ ಅನ್ಯಾಯ.

ಅದೇ ಸಂಸ್ಥಾನದ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರೆಂದು ಈ ಸೀಮೆಯವರೆಲ್ಲ ಬಲ್ಲರು. ನಿಜವಾದ ಸಂರಕ್ಷಣೆ ಎಂದರೇನೆಂದು ತಿಳಿಯಬಯಸುವ ವಿದ್ಯಾರ್ಥಿಗೆ ಇದಕ್ಕಿಂತ ಹತ್ತಿರದ ಪಾಠವಿಲ್ಲ. ಅವರು ಉರ್ದುವನ್ನು ದ್ವೇಷಿಸಲು ಯಾರಿಗೂ ಕಲಿಸಲಿಲ್ಲ, ಕನ್ನಡವನ್ನು ಓದಲು ಕಲಿಸಿದರು. ಜಾತಿ ನೋಡದೆ ಮಕ್ಕಳನ್ನು ಮಠದಲ್ಲಿ ಸಾಕಿದರು. ಪರಂಪರೆಯನ್ನು ಘೋಷಣೆಯ ಮೂಲಕವಲ್ಲ, ಮಕ್ಕಳಿಗೆ ಅಕ್ಷರವನ್ನೂ ಅನ್ನವನ್ನೂ ಕೊಟ್ಟು ದಾಟಿಸಿದರು. 1956ರಲ್ಲಿ ಹಳೆಯ ಬೀದರ್ ಜಿಲ್ಲೆ ಒಡೆದು ಉದಗೀರ, ನಿಲಂಗಾ ಕಡೆಯ ಪ್ರದೇಶ ಮುಂಬಯಿ ರಾಜ್ಯಕ್ಕೂ ಜಹೀರಾಬಾದ್, ನಾರಾಯಣಖೇಡ ಕಡೆಯದು ಆಂಧ್ರಕ್ಕೂ ಹೋದಾಗ, ಭಾಲ್ಕಿ, ಔರಾದಗಳು ಕನ್ನಡ ನಾಡಿನಲ್ಲಿ ಉಳಿದದ್ದರ ಹಿಂದೆ ಈ ಮೌನ ಕೆಲಸದ ಪಾಲು ದೊಡ್ಡದು.

ಧಾರ್ಮಿಕ ಪ್ರಶ್ನೆ ಕಾಲೇಜಿನ ಬಾಗಿಲಿಗೇ ಬಂದು ನಿಂತದ್ದು 2025ರ ಏಪ್ರಿಲ್ 17ರಂದು. ಸಾಮಾನ್ಯ ಪ್ರವೇಶ ಪರೀಕ್ಷೆಯ ಗಣಿತ ಪತ್ರಿಕೆಗೆ ಬೀದರಿನ ಕೇಂದ್ರವೊಂದಕ್ಕೆ ಬಂದ ವಿದ್ಯಾರ್ಥಿಗೆ ಜನಿವಾರ ತೆಗೆಯಲು ಹೇಳಿದರು, ಅವನು ಒಪ್ಪದೆ ಪರೀಕ್ಷೆ ಬರೆಯದೇ ಮರಳಿದನು, ರಾಜ್ಯದಾದ್ಯಂತ ಪ್ರತಿಭಟನೆಗಳಾದವು. ಈ ಪ್ರತಿಭಟನೆ ಸರಿಯಾಗಿಯೇ ಇತ್ತು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು: ಬಸವಣ್ಣನು ಬಾಗೇವಾಡಿಯಲ್ಲಿ ಯಜ್ಞೋಪವೀತವನ್ನು ತೊರೆದನೆಂದು ಹರಿಹರನ ರಗಳೆಯೂ, ಉಪನಯನವನ್ನೇ ನಿರಾಕರಿಸಿದನೆಂದು ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣವೂ ಹೇಳುತ್ತವೆ. ಹಾಗಾದರೆ ಬಸವಣ್ಣನ ನಾಡಿನಲ್ಲಿ ಜನಿವಾರ ಹೋದರೆ ದುಃಖವೇಕೆ ಎಂದು ಕೇಳುವವನು ಆ ಕಥೆಯ ಹೃದಯವನ್ನೇ ತಪ್ಪಿ ಓದುತ್ತಾನೆ. ಬಸವಣ್ಣ ತೊರೆದದ್ದು ತನ್ನ ಅರಿವಿನಿಂದ, ತಾನೇ ಬೆಲೆ ತೆತ್ತು, ಮನೆಯನ್ನೇ ಬಿಟ್ಟು. ಪರೀಕ್ಷಾ ಕೇಂದ್ರದಲ್ಲಿ ಕೇಳಿದ್ದು ಅಧಿಕಾರದ ಅಪ್ಪಣೆಯಿಂದ. ಧರಿಸುವುದಕ್ಕೂ ತೊರೆಯುವುದಕ್ಕೂ ಬೆಲೆ ಬರುವುದು ಅದು ಅಂತಃಕರಣದಿಂದ ಬಂದಾಗ. ಇದನ್ನು ಒಪ್ಪಿದ ಮೇಲೆ 2022ರಲ್ಲಿ ಹಿಜಾಬ್ ಧರಿಸಿದ ಕಾರಣಕ್ಕೆ ತರಗತಿಯ ಹೊರಗೆ ನಿಂತ ವಿದ್ಯಾರ್ಥಿನಿಯರನ್ನೂ ಅದೇ ಮಾನದಂಡದಿಂದ ಅಳೆಯಬೇಕಾಗುತ್ತದೆ. ಅಂದು ಸಮವಸ್ತ್ರದ ಶಿಸ್ತೇ ದೊಡ್ಡದೆಂದು ವಾದಿಸಿದ ಹಲವರು 2025ರಲ್ಲಿ ಧರ್ಮಸ್ವಾತಂತ್ರ್ಯವೇ ದೊಡ್ಡದೆಂದರು. ಅಂದು ಧರ್ಮಸ್ವಾತಂತ್ರ್ಯವೆಂದ ಕೆಲವರು 2025ರಲ್ಲಿ ಸುಮ್ಮನಿದ್ದರು. ಎರಡೂ ಕಡೆಯ ತಪ್ಪು ಒಂದೇ. ತನ್ನವನ ಶ್ರದ್ಧೆಗೆ ಕೇಳುವ ರಕ್ಷಣೆಯನ್ನು ಎದುರಿನವನ ಶ್ರದ್ಧೆಗೆ ನಿರಾಕರಿಸುವವನು ಶ್ರದ್ಧೆಯ ಪಕ್ಷದಲ್ಲಿಲ್ಲ, ಗುಂಪಿನ ಪಕ್ಷದಲ್ಲಿದ್ದಾನೆ.

ಪ್ರಶ್ನೆ ಕೇಳಿದರೆ ಶ್ರದ್ಧೆ ಕೆಡುತ್ತದೆ ಎಂಬ ಭಯವು ಭಾರತೀಯ ಪರಂಪರೆಯ ಭಯವೇ ಅಲ್ಲ. ಕಠೋಪನಿಷತ್ತಿನ ಆರಂಭದಲ್ಲಿ ಹಾಲು ಬತ್ತಿದ ಮುದಿ ಹಸುಗಳನ್ನು ತಂದೆ ದಾನ ಕೊಡುತ್ತಿರುವುದನ್ನು ಬಾಲಕ ನಚಿಕೇತ ನೋಡುವಾಗ ಅವನಲ್ಲಿ ಶ್ರದ್ಧೆ ಪ್ರವೇಶಿಸಿತೆಂದು ಹೇಳಲಾಗಿದೆ. ಪ್ರವೇಶಿಸಿದ ಶ್ರದ್ಧೆ ಅವನನ್ನು ಸುಮ್ಮನಿರಿಸಲಿಲ್ಲ, ತಂದೆಯನ್ನು ಮೂರು ಬಾರಿ ಕೇಳುವಂತೆ ಮಾಡಿತು, ಕೊನೆಗೆ ಯಮನ ಬಾಗಿಲಿಗೂ ಪ್ರಶ್ನೆ ಹೊತ್ತುಕೊಂಡು ಹೋಗುವಂತೆ ಮಾಡಿತು. ಯಜ್ಞದಲ್ಲಿ ನಂಬಿಕೆಯಿದ್ದುದರಿಂದಲೇ ಕಳಪೆ ದಾನ ಅವನಿಗೆ ಅಸಹ್ಯವಾಯಿತು. ಭಗವದ್ಗೀತೆಯ ನಾಲ್ಕನೆಯ ಅಧ್ಯಾಯ ಜ್ಞಾನಕ್ಕೆ ದಾರಿ ಹೇಳುವಾಗ ನಮಸ್ಕಾರ ಮತ್ತು ಸೇವೆಗಳ ನಡುವೆ ಪರಿಪ್ರಶ್ನೆಯನ್ನು, ಎಂದರೆ ಸುತ್ತಲಿಂದಲೂ ಕೇಳಿ ನೋಡುವುದನ್ನು, ಇಟ್ಟಿದೆ. ಪ್ರತಿ ಜನವರಿ 12ರಂದು ಹೂಹಾರ ಹಾಕಿಸಿಕೊಳ್ಳುವ ವಿವೇಕಾನಂದರಾದರೂ, ಸಂನ್ಯಾಸಕ್ಕೆ ಮುನ್ನ ನರೇಂದ್ರನಾಥನೆಂಬ ಕಾಲೇಜು ವಿದ್ಯಾರ್ಥಿಯಾಗಿದ್ದಾಗ, ದೇವರನ್ನು ಕಂಡಿದ್ದೀರಾ ಎಂದು ಹಿರಿಯರನ್ನು ನೇರವಾಗಿ ಕೇಳುತ್ತ ತಿರುಗಿದವರು, ಶ್ರೀರಾಮಕೃಷ್ಣರನ್ನು ವರ್ಷಗಳ ಕಾಲ ಪರೀಕ್ಷಿಸಿ ಆಮೇಲೆ ಗುರುವೆಂದು ಒಪ್ಪಿದವರು. ಅವರ ಭಾವಚಿತ್ರದ ಕೆಳಗೆ ಕುಳಿತ ವಿದ್ಯಾರ್ಥಿ ಕೈಯೆತ್ತಿ ಪ್ರಶ್ನೆ ಕೇಳಲು ಹಿಂಜರಿಯುವಂತಿದ್ದರೆ ಆ ಭಾವಚಿತ್ರ ಅಲ್ಲಿ ಅಲಂಕಾರವಾಗಿ ಮಾತ್ರ ಇದೆ.

ಈ ಮಾತು ಒಂದೇ ಸಂಘಟನೆಗೆ ಅನ್ವಯಿಸುವುದಲ್ಲ. 1982ರಲ್ಲಿ ಸ್ಥಾಪನೆಯಾದ ಸ್ಟೂಡೆಂಟ್ಸ್ ಇಸ್ಲಾಮಿಕ್ ಆರ್ಗನೈಸೇಶನ್ ಕೂಡ ತನ್ನ ರೀತಿಯಲ್ಲಿ ಶ್ರದ್ಧೆಯನ್ನೇ ಬುನಾದಿಯಾಗಿಸಿಕೊಂಡ ವಿದ್ಯಾರ್ಥಿ ಸಂಘಟನೆ. ದರ್ಸ್ ಎಂದು ಕರೆಯುವ ಗ್ರಂಥಪಾಠ, ಇಜ್ತಿಮಾ ಎಂದು ಕರೆಯುವ ಸಮಾವೇಶ ಇವು ಅಲ್ಲಿಯ ರೂಢಿಗಳು. ಆ ಪರಂಪರೆಯಲ್ಲೂ ಪ್ರಶ್ನೆಗೆ ಜಾಗವಿತ್ತು: ಬೀದರಿನಲ್ಲಿ 1472ರ ಹೊತ್ತಿಗೆ ಬಹಮನಿ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾದಲ್ಲಿ ಉಪನ್ಯಾಸದ ಕೋಣೆಗಳೂ ಗ್ರಂಥಾಲಯವೂ ವಿದ್ಯಾರ್ಥಿಗಳ ವಾಸದ ಕೋಣೆಗಳೂ ಇದ್ದವು. ಆ ಕಾಲದ ಇಸ್ಲಾಮಿಕ್ ವಿದ್ವತ್ತಿನಲ್ಲಿ ಮುನಾಜರಾ, ಅಂದರೆ ನಿಯಮಬದ್ಧ ವಾದ, ಒಂದು ಸ್ವತಂತ್ರ ಶಾಸ್ತ್ರವೇ ಆಗಿತ್ತು. ಪ್ರಶ್ನೆಯನ್ನು ಹೊರಗಿಟ್ಟ ಯಾವ ಸಮಾವೇಶವೂ ಆ ಪರಂಪರೆಗೂ ವಾರಸು ಎನಿಸಲಾರದು. ಎಡಪಂಥದ ವಿದ್ಯಾರ್ಥಿ ಸಂಘಟನೆಗಳಲ್ಲಿಯೂ ಮೇಲಿನಿಂದ ಬಂದ ನಿರ್ಣಯ ಕೆಳಗೆ ಪಠಣವಾಗುವ ರೋಗ ಕಡಿಮೆಯಿಲ್ಲ. ಹೋಲಿಕೆಗೆ ಹೊರನಾಡಿನ ಉದಾಹರಣೆ ನೋಡುವುದಾದರೆ, ಅಮೆರಿಕದಲ್ಲಿ 1960ರ ಸೆಪ್ಟೆಂಬರಿನಲ್ಲಿ ಕನೆಕ್ಟಿಕಟ್ ರಾಜ್ಯದ ಶರಾನ್ ಎಂಬ ಊರಿನಲ್ಲಿ ಸೇರಿದ ಸಂಪ್ರದಾಯವಾದಿ ಯುವಕರು ದೇವದತ್ತವಾದ ವ್ಯಕ್ತಿಸ್ವಾತಂತ್ರ್ಯವೇ ತಮ್ಮ ಮೊದಲ ಮೌಲ್ಯವೆಂದು ಹೇಳಿಕೆ ಹೊರಡಿಸಿದರು. ಭಾರತದ ಸಂಪ್ರದಾಯವಾದಿ ಸಮಷ್ಟಿಯಿಂದ ಆರಂಭಿಸುತ್ತಾನೆ, ಅಮೆರಿಕದವನು ವ್ಯಕ್ತಿಯಿಂದ. ಕಲ್ಯಾಣದ ಶರಣರು ಇವೆರಡನ್ನೂ ಬಿಡಿಸದೆ ಹಿಡಿದಿದ್ದರು: ಲಿಂಗ ಪ್ರತಿಯೊಬ್ಬರ ಅಂಗೈಯಲ್ಲಿ, ಅದರ ಅನುಭಾವದ ಮಾತು ಎಲ್ಲರ ನಡುವೆ.

ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘಗಳ ಚುನಾವಣೆ 1980ರ ದಶಕದ ಕೊನೆಯಲ್ಲಿ, ಆವರಣಗಳಲ್ಲಿ ನಡೆದ ಹಿಂಸೆಯ ಕಾರಣದಿಂದ, ನಿಂತುಹೋಯಿತು. ಅದರಿಂದ ಗಲಾಟೆ ಕಡಿಮೆಯಾಗಿರಬಹುದು, ಆದರೆ ಬೇರೆ ಬೇರೆ ವಿಚಾರದ ವಿದ್ಯಾರ್ಥಿಗಳು ಒಂದೇ ವೇದಿಕೆಯಲ್ಲಿ ನಿಂತು ಪರಸ್ಪರರ ಪ್ರಶ್ನೆಗೆ ಉತ್ತರಿಸಬೇಕಾದ ಸಂದರ್ಭವೂ ಇಲ್ಲವಾಯಿತು; ಈಗ ಪ್ರತಿಯೊಂದು ಸಂಘಟನೆಯೂ ತನ್ನವರಿಗೆ ಮಾತ್ರ ಮಾತನಾಡುತ್ತದೆ, ತನ್ನವರ ಚಪ್ಪಾಳೆಯನ್ನು ಮಾತ್ರ ಕೇಳುತ್ತದೆ. ಆದ್ದರಿಂದ ಈ ಜಿಲ್ಲೆಯ ಪರಂಪರಾನಿಷ್ಠ ವಿದ್ಯಾರ್ಥಿಗಳಲ್ಲಿ ಮಾಡಬೇಕಾದ ವಿನಂತಿ ಸರಳವಾಗಿದೆ. ಬರುವ ಡಿಸೆಂಬರ್ 6ರಂದು ಬೀದರಿನಲ್ಲಿಯೋ ಭಾಲ್ಕಿಯಲ್ಲಿಯೋ ಔರಾದಿನಲ್ಲಿಯೋ ಸಮರಸತೆಯ ಸಭೆ ಕರೆದಾಗ ಭಾಷಣದ ಅರ್ಧ ಸಮಯವನ್ನು ಪ್ರಶ್ನೆಗೆ ಬಿಡಿ. ಅಂಬೇಡ್ಕರರು 1956ರಲ್ಲಿ ನಾಗಪುರದಲ್ಲಿ ಬೌದ್ಧಧರ್ಮವನ್ನು ಸ್ವೀಕರಿಸಿದ್ದೇಕೆ ಎಂದು ಕೇಳಬಲ್ಲ ದಲಿತ ವಿದ್ಯಾರ್ಥಿಯನ್ನೂ, ನಿಮ್ಮ ಮಾತನ್ನು ಒಪ್ಪದ ಮುಸ್ಲಿಂ ಸಹಪಾಠಿಯನ್ನೂ ಮುಂದಿನ ಸಾಲಿಗೆ ಕರೆಯಿರಿ. ಅವರು ಕೇಳಿದ್ದಕ್ಕೆ ಘೋಷಣೆಯಿಂದಲ್ಲದೆ ಮಾತಿನಿಂದ ಉತ್ತರ ಕೊಡಿ.